ಎಂದೂ ಬಿಡದ ಅಂಟು

ಮಳೆಗಾಲ ಹಿಡಿದು ಎರಡು ತಿಂಗಳಾಗುವಷ್ಟರಲ್ಲಿ ಬಚ್ಚಲುಮನೆಯ ಪ್ಲೈವುಡ್ ಬಾಗಿಲಿನ ಕೆಳಗಿನ ಅಂಚು ಉಬ್ಬಿ ಪದರ ಬಿಡುವುದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಯಾವ ಬಡಗಿಗೂ ಹೊಸ ಸುದ್ದಿಯಲ್ಲ. ಅಂಟು ಹಾಕಿದ್ದು ಎಂದಾದರೊಂದು ದಿನ ಬಿಟ್ಟೇ ಬಿಡುತ್ತದೆ, ಎಷ್ಟು ನೀರಿಗೆ ಬಿಡುತ್ತದೆ, ಎಷ್ಟು ಪೆಟ್ಟಿಗೆ ಬಿಡುತ್ತದೆ ಎಂದು ನೋಡಿಕೊಳ್ಳಬೇಕು, ಅಷ್ಟೆ. ಇದು ಅವನ ಕಸುಬಿನ ಮೊದಲ ತಿಳಿವಳಿಕೆ. ಇದೇ ಮೂರು ತಾಲೂಕುಗಳಲ್ಲಿ, ಬೆಂಜನಪದವು, ಉಜಿರೆ, ಮಿಜಾರುಗಳಲ್ಲಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಎಂಜಿನಿಯರಿಂಗ್ ಕಾಲೇಜುಗಳೂ ಇವೆ. ವಸ್ತುವನ್ನು ಸಾವಿರಾರು ಸಣ್ಣ ತುಂಡುಗಳಾಗಿ ವಿಂಗಡಿಸಿ, ಅದರ ಮೇಲೆ ಬೀಳುವ ಹೊಡೆತವನ್ನು ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನವನ್ನು ಮೆಕ್ಯಾನಿಕಲ್ ಓದುವ ಮಕ್ಕಳು ಕಲಿಯುವುದು ಇಂಥಲ್ಲಿ. ಈ ವಿದ್ಯೆಯಲ್ಲಿ ಬಹುಕಾಲದಿಂದ ನಡೆದುಬಂದ, ಯಾರೂ ಎದುರಾಡದ ಒಂದು ರೂಢಿಯಿದೆ. ಪದರಗಳಿಂದಾದ ಫಲಕಕ್ಕೆ ಪೆಟ್ಟು ಕೊಡುವಾಗ ಪದರ ಪದರಗಳ ನಡುವೆ ‘ಬಾಂಡೆಡ್’ ಇಲ್ಲವೇ ‘ಟೈಡ್’ ಎಂಬ ಕಾಂಟ್ಯಾಕ್ಟ್ ಕೊಟ್ಟುಬಿಟ್ಟರೆ ಆಯಿತು ಎನ್ನುವುದು ಆ ರೂಢಿ. ನಿಜದಲ್ಲಿ ಅಂಟಿಸಿದ್ದೇವೆ, ಹಾಗಾಗಿ ಮಾದರಿಯಲ್ಲೂ ಅಂಟಿಸಿದ್ದೇವೆ ಎಂಬುದು ಅದಕ್ಕೆ ಕೊಡುವ ಸಮರ್ಥನೆ. ಕೇಳಲು ಸರಿಯಾಗಿಯೇ ಇರುವ ಈ ಮಾತು ಹೊಡೆತದ ಲೆಕ್ಕದ ಮಟ್ಟಿಗೆ ಬುಡದಲ್ಲೇ ತಪ್ಪು. ಯಾವ ಪ್ರಶ್ನೆಗೆ ಉತ್ತರ ಹುಡುಕಲು ಹೊರಟೆವೋ ಆ ಪ್ರಶ್ನೆಯನ್ನೇ ಇದು ಲೆಕ್ಕದಿಂದ ಹೊರಗಿಡುತ್ತದೆ.

ಆ ಒಂದು ಪದ ತಂತ್ರಾಂಶದೊಳಗೆ ಏನು ಮಾಡುತ್ತದೆ ಎಂದು ನೋಡಬೇಕು. ಬಾಂಡೆಡ್ ಎಂದರೆ ಮೇಲಿನ ಪದರದ ಬಿಂದು ಕೆಳಗಿನ ಪದರದ ಮೈಯನ್ನು ಬಿಟ್ಟು ಕದಲಬಾರದು ಎಂಬ ಕಟ್ಟಪ್ಪಣೆ. ಅದು ಜಾರುವಂತಿಲ್ಲ, ಏಳುವಂತಿಲ್ಲ, ಬಲ ಎಷ್ಟೇ ಆದರೂ ಬಿಡುವಂತಿಲ್ಲ. ಇಂಥ ಅಂಟು ಜಗತ್ತಿನ ಯಾವ ಅಂಗಡಿಯಲ್ಲೂ ಸಿಗದು. ಅನ್ಸಿಸ್ ಮೆಕ್ಯಾನಿಕಲ್ ಎಂಬ ತಂತ್ರಾಂಶಕ್ಕೆ ಹಲವು ಭಾಗಗಳ ಜೋಡಣೆಯನ್ನು ತಂದು ಹಾಕಿದರೆ, ಒಂದಕ್ಕೊಂದು ತಾಗಿದ ಕಡೆಗಳನ್ನು ಅದು ತಾನೇ ಗುರುತಿಸಿ ಬಾಂಡೆಡ್ ಎಂದು ತುಂಬಿಡುತ್ತದೆ. ಬಳಸುವವನು ಬದಲಿಸದಿದ್ದರೆ ಅದೇ ಕೊನೆಯವರೆಗೂ ನಿಲ್ಲುತ್ತದೆ. ತಂತ್ರಾಂಶ ಬರೆದವರಿಗೆ ಇದೊಂದು ಅನುಕೂಲ. ಏನಾದರೊಂದು ತುಂಬದೆ ಹೋದರೆ ಭಾಗಗಳು ಗಾಳಿಯಲ್ಲಿ ತೇಲುತ್ತವೆ, ಲೆಕ್ಕ ಮುಂದೆ ಹೋಗುವುದಿಲ್ಲ. ಆದರೆ ಅನುಕೂಲಕ್ಕೆ ಹಾಕಿಟ್ಟದ್ದನ್ನು ವಸ್ತುವಿನ ಗುಣವೆಂದು ಒಪ್ಪುವುದು, ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟು ಎಂದಂತೆ. ಎಲ್‌ಎಸ್-ಡೈನಾ ಎಂಬ ತಂತ್ರಾಂಶದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿನ ಸಾಮಾನ್ಯ ಟೈಡ್ ಕಾಂಟ್ಯಾಕ್ಟ್‌ನಲ್ಲಿ ಎರಡು ಮೈಗಳ ನಡುವಿನ ಅಂತರ ಒಂದು ಮಿತಿಯನ್ನು ಮೀರಿದ ಬಿಂದುಗಳು ಕಟ್ಟಿಕೊಳ್ಳುವುದೇ ಇಲ್ಲ. ಆ ಬಗ್ಗೆ ಒಂದು ಎಚ್ಚರಿಕೆಯ ಸಾಲು ಫಲಿತಾಂಶದ ಕಡತದಲ್ಲಿ ಎಲ್ಲೋ ಬಿದ್ದಿರುತ್ತದೆ, ಓದುವವರು ಕಡಿಮೆ. ಹೀಗೆ ಒಂದೇ ಫಲಕದಲ್ಲಿ ಕೆಲವು ಬಿಂದುಗಳು ಎಂದೂ ಬಿಡದ ಅಂಟಿನಲ್ಲಿ ಸಿಕ್ಕಿಕೊಂಡು, ಕೆಲವು ಅಂಟೇ ಇಲ್ಲದೆ ಇದ್ದು, ಬಣ್ಣಬಣ್ಣದ ಚಿತ್ರ ಮಾತ್ರ ಚೆಂದವಾಗಿ ಹೊರಬರುವುದುಂಟು.

ಅಂಟು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ ಅಲ್ಪಸ್ವಲ್ಪದ್ದಲ್ಲ. ಮೂಡುಬಿದಿರೆಯ ಜೈನ ಭಂಡಾರದಲ್ಲಿ ಧವಲಾ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳಿಂದ ಉಳಿದುಬಂದಿವೆ. ತಾಳೆಗರಿಯ ಕಟ್ಟನ್ನು ಬಲ್ಲವರಿಗೆ ಗೊತ್ತು, ದಾರ ಸಡಿಲಿಸಿ ಹಿಡಿದರೆ ಇಡೀ ಕಟ್ಟು ಮೆಲ್ಲಗೆ ಬಳುಕುತ್ತದೆ. ಗರಿಯ ಮೇಲೆ ಗರಿ ಜಾರುವುದರಿಂದ ಬಳುಕು ಸಾಧ್ಯವಾಗುತ್ತದೆ. ಅದೇ ಗರಿಗಳನ್ನು ಒಂದಕ್ಕೊಂದು ಅಂಟಿಸಿದರೆ ಕೈಗೆ ಸಿಗುವುದು ಹಲಗೆ. ಬಾಗುವಿಕೆಗೆ ಒಡ್ಡುವ ಬಿಗಿತ ದಪ್ಪದ ಮೂರನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಸಮ ದಪ್ಪದ ಎಂಟು ಪದರಗಳು ಬಿಡಿಯಾಗಿದ್ದಾಗ ಇರುವ ಬಿಗಿತಕ್ಕೆ ಹೋಲಿಸಿದರೆ, ಅವೇ ಎಂಟು ಒಂದಾಗಿ ಅಂಟಿದಾಗಿನ ಬಿಗಿತ 64 ಪಟ್ಟು. ನಡುಮಧ್ಯದಲ್ಲಿ ಒಂದೇ ಒಂದು ಕಡೆ ಪದರ ಪೂರ್ತಿ ಬಿಟ್ಟಿತೆನ್ನಿ, ಬಿಗಿತ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಹೊಡೆತ ಬೀಳುವ ಕೆಲವೇ ಮಿಲಿಸೆಕೆಂಡುಗಳಲ್ಲಿ ಫಲಕ ಬಿಗಿತದ ಒಂದು ತುದಿಯಿಂದ ಇನ್ನೊಂದು ತುದಿಯ ಕಡೆಗೆ ಸಾಗುತ್ತಿರುತ್ತದೆ. ಹೊಡೆತ ಬೀಳುವ ಮೊದಲು ಹಲಗೆಯಾಗಿದ್ದದ್ದು, ಬಿದ್ದ ಮೇಲೆ ಹೊಡೆತದ ಸುತ್ತಮುತ್ತ ತಾಳೆಗರಿಯ ಕಟ್ಟಾಗಿರುತ್ತದೆ. ಬಾಂಡೆಡ್ ಮಾದರಿಯಲ್ಲಿ ಅದು ಕೊನೆಯವರೆಗೂ ಹಲಗೆಯೇ. ಇದನ್ನು ಸಣ್ಣ ಸರಳೀಕರಣ ಎನ್ನುವವರು 64ರ ಪಟ್ಟನ್ನು ಸಣ್ಣದೆನ್ನುತ್ತಿದ್ದಾರೆ.

ನಿತ್ಯದ ಸಣ್ಣ ಹೊಡೆತಕ್ಕೆಲ್ಲ ಪದರ ಬಿಡುವುದಿಲ್ಲವಲ್ಲ ಎನ್ನಬಹುದು. ಲೆಕ್ಕ ಹಾಕಿಯೇ ನೋಡೋಣ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಡೇವಿಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕೊಟ್ಟ ಸರಳ ಸೂತ್ರವೊಂದು ಪದರ ಬಿಡಲು ತೊಡಗುವ ಬಲವನ್ನು ಹೇಳುತ್ತದೆ. ಫಲಕದ ಸ್ಥಿತಿಸ್ಥಾಪಕತೆ, ದಪ್ಪದ ಮೂರನೇ ಘಾತ, ಪದರಗಳು ಒಂದರ ಮೇಲೊಂದು ಜಾರಿ ಬಿರುಕು ಹರಡಲು ತಗಲುವ ಶಕ್ತಿ, ಈ ಮೂರರ ಗುಣಲಬ್ಧದ ವರ್ಗಮೂಲಕ್ಕೆ ಆ ಬಲ ಅನುಪಾತದಲ್ಲಿರುತ್ತದೆ. 4 ಮಿ.ಮೀ. ದಪ್ಪದ ಗಾಜುನಾರಿನ ಫಲಕ, ಸ್ಥಿತಿಸ್ಥಾಪಕತೆ 20 ಗಿಗಾಪಾಸ್ಕಲ್, ಬಿರುಕಿನ ಶಕ್ತಿ ಪ್ರತಿ ಚದರ ಮೀಟರಿಗೆ 1 ಕಿಲೋಜೌಲ್ ಎಂದು ಇಟ್ಟುಕೊಂಡರೆ ಉತ್ತರ ಸುಮಾರು 3.5 ಕಿಲೋನ್ಯೂಟನ್. ಇನ್ನು ಪರೀಕ್ಷೆಯ ಕಡೆಯಿಂದ ನೋಡಿ. ಬೀಳುವ ತೂಕದ ಪರೀಕ್ಷೆಗೆ ಎಲ್ಲೆಡೆ ಬಳಸುವ ಎಎಸ್‌ಟಿಎಂ ಡಿ7136 ಮಾನಕದಂತೆ 16 ಮಿ.ಮೀ. ವ್ಯಾಸದ ಗುಂಡುಮೂತಿಯ 5.5 ಕಿಲೋ ತೂಕವನ್ನು 100 ಮಿ.ಮೀ. ಅಗಲ, 150 ಮಿ.ಮೀ. ಉದ್ದದ ಫಲಕದ ಮೇಲೆ ಬೀಳಿಸಬೇಕು. ದಪ್ಪದ ಪ್ರತಿ ಮಿ.ಮೀ.ಗೆ 6.7 ಜೌಲ್ ಲೆಕ್ಕದಲ್ಲಿ 4 ಮಿ.ಮೀ. ಫಲಕಕ್ಕೆ ಸುಮಾರು 27 ಜೌಲ್ ಸಲ್ಲುತ್ತದೆ. ಅರ್ಧ ಮೀಟರ್ ಎತ್ತರ ಸಾಕು. ಒಂದೂವರೆ ಕಿಲೋದ ತೆಂಗಿನಕಾಯಿ ಆಳೆತ್ತರದಿಂದ ಬಿದ್ದರೂ ಅಷ್ಟೇ. ಪದರ ಬಿಡುವುದೇ ಇಲ್ಲ ಎಂದು ನಂಬಿ ಈ ಹೊಡೆತದ ಅತಿ ಹೆಚ್ಚಿನ ಬಲವನ್ನು ಸ್ಥೂಲವಾಗಿ ಲೆಕ್ಕ ಹಾಕಿದರೆ ಅದು 8 ಕಿಲೋನ್ಯೂಟನ್ ದಾಟುತ್ತದೆ. ಅಂದರೆ ಅಂಟು ಬಿಡಲು ಬೇಕಾದ ಬಲದ ಎರಡು ಪಟ್ಟಿಗೂ ಹೆಚ್ಚು. ಪಠ್ಯದಲ್ಲಿರುವ, ಪ್ರಾಜೆಕ್ಟಿನಲ್ಲಿ ಅನುಕರಿಸುವ ಈ ಸಾದಾ ಪರೀಕ್ಷೆಯಲ್ಲೇ ಪದರ ಬಿಡುವುದು ಖಚಿತವಿರುವಾಗ ಬಾಂಡೆಡ್ ಮಾದರಿ ಏನನ್ನು ಅನುಕರಿಸುತ್ತಿದೆ?

ಕರಾವಳಿಯ ಸ್ವಂತ ವಸ್ತುಗಳಿಗೆ ಬಂದರೆ ಈ ರೂಢಿ ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. ಅಡಿಕೆ ಸಿಪ್ಪೆಯ ನಾರು, ತೆಂಗಿನ ನಾರು, ಅಡಿಕೆ ಹಾಳೆಯ ನಾರು ಇವುಗಳನ್ನು ರಾಳದೊಂದಿಗೆ ಒತ್ತಿ ಫಲಕ ಮಾಡುವ ಅಧ್ಯಯನಗಳು ದೇಶದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಕಷ್ಟು ನಡೆಯುತ್ತವೆ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೇ ಇರುವ ಅಡಿಕೆಯ ಈ ನಾಡಿನಲ್ಲಿ ಅದು ಸಹಜವೂ ಹೌದು, ಬೇಕಾದ್ದೂ ಹೌದು. ಇಂಥ ಅಧ್ಯಯನಗಳ ಜೀವಾಳ ಯಾವುದು? ನಾರನ್ನು ಕಾಸ್ಟಿಕ್ ಸೋಡದ ನೀರಿನಲ್ಲಿ ಅದ್ದಿ, ಮೇಲಿನ ಮೇಣ ಕೊಳೆ ತೆಗೆದು, ರಾಳಕ್ಕೂ ನಾರಿಗೂ ಹಿಡಿತ ಹೆಚ್ಚಿಸುವುದು. ಅದ್ದಿದ ನಾರಿನ ಫಲಕ, ಅದ್ದದ ನಾರಿನ ಫಲಕ ಎರಡನ್ನೂ ಮಾಡಿ ಹೋಲಿಸುತ್ತಾರೆ. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಪದರಗಳಿಗೆ ಬಾಂಡೆಡ್ ಕೊಟ್ಟರೆ, ಅದ್ದಿದ್ದಕ್ಕೂ ಅದ್ದದ್ದಕ್ಕೂ ಪದರದ ಹಿಡಿತ ಒಂದೇ, ಅನಂತ. ವಾರಗಟ್ಟಲೆ ಬಕೆಟ್ಟಿನ ಮುಂದೆ ಕುಳಿತು ಗಳಿಸಿದ್ದನ್ನು ಒಂದು ಕ್ಲಿಕ್ಕಿನಲ್ಲಿ ಅಳಿಸಿದ ಹಾಗೆ. ನಾರು–ರಾಳದ ನಡುವಿನ ಹಿಡಿತವೇ ಬೇರೆ, ಪದರ–ಪದರದ ನಡುವಿನ ಹಿಡಿತವೇ ಬೇರೆ ಎಂದು ಯಾರಾದರೂ ತಿದ್ದಿದರೆ ಒಪ್ಪುತ್ತೇನೆ. ಆದರೆ ಪದರ ಬಿಡುವ ಬಿರುಕು ಸಾಗುವುದು ನಾರಿನ ಮೈಯನ್ನು ಸವರಿಕೊಂಡೇ, ಹಾಗಾಗಿ ಮೊದಲನೆಯದು ಸೋತರೆ ಎರಡನೆಯದೂ ಸೋಲುತ್ತದೆ. ಇದರ ಮೇಲೆ ನೀರಿನ ಮಾತು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಗಿಡದ ನಾರು ನೀರು ಹೀರಿ ಉಬ್ಬುತ್ತದೆ, ರಾಳ ಅಷ್ಟು ಉಬ್ಬುವುದಿಲ್ಲ, ನಡುವಿನ ಹಿಡಿತ ಸಡಿಲಾಗುತ್ತದೆ. ಫೆಬ್ರುವರಿಯ ಫಲಕ ಬೇರೆ, ಆಗಸ್ಟಿನ ಫಲಕ ಬೇರೆ. ಬಾಂಡೆಡ್ ಕಾಂಟ್ಯಾಕ್ಟ್‌ಗೆ ಮಳೆಯ ಆಟಿ ತಿಂಗಳು ಎಂಬುದೊಂದಿದೆ ಎನ್ನುವುದೇ ಗೊತ್ತಿಲ್ಲ.

ಅಂಟು ಗಟ್ಟಿಯಾಗಿದ್ದಷ್ಟೂ ಒಳ್ಳೆಯದು, ಅನಂತ ಗಟ್ಟಿ ಎಂದುಕೊಂಡರೆ ಆದರ್ಶ ಸ್ಥಿತಿಯ ಲೆಕ್ಕವಾದರೂ ಸಿಗುತ್ತದಲ್ಲ ಎಂಬ ಇನ್ನೊಂದು ಭಾವನೆ ಈ ರೂಢಿಯ ಕೆಳಗೆ ಅಡಗಿದೆ. ಅದೂ ಸರಿಯಲ್ಲ. ಮಂಗಳೂರಿನಿಂದ ಬಿ.ಸಿ. ರೋಡ್, ಬೆಳ್ತಂಗಡಿ ದಾಟಿ ಚಾರ್ಮಾಡಿ ಹತ್ತುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಓಡುವ ಕಾರುಗಳ ಮುಂದಿನ ಗಾಜನ್ನೇ ತೆಗೆದುಕೊಳ್ಳಿ. ಅದು ಒಂದು ಗಾಜಲ್ಲ. ತಲಾ ಸುಮಾರು 2 ಮಿ.ಮೀ.ನ ಎರಡು ಗಾಜುಗಳ ನಡುವೆ 0.76 ಮಿ.ಮೀ.ನ ಪಿವಿಬಿ ಎಂಬ ಮೆತ್ತನೆಯ ಪ್ಲಾಸ್ಟಿಕ್ ಹಾಳೆ ಇರುತ್ತದೆ. ತಲೆ ಬಡಿದಾಗ ಗಾಜು ಒಡೆಯುತ್ತದೆ, ಒಡೆದ ಚೂರುಗಳಿಂದ ಹಾಳೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಂಡು ಚೀಲದಂತೆ ಹಿಗ್ಗಿ ತಲೆಯನ್ನು ಹಿಡಿಯುತ್ತದೆ. ಹಿಡಿತ ತೀರಾ ಕಡಿಮೆಯಾದರೆ ಚೂರುಗಳು ಮುಖಕ್ಕೆ ಹಾರುತ್ತವೆ. ತೀರಾ ಹೆಚ್ಚಾದರೆ ಬಿರುಕಿನ ಬಾಯಲ್ಲಿ ಹಾಳೆಗೆ ಹಿಗ್ಗಲು ಜಾಗವೇ ಸಿಗದೆ ಅದು ಅಲ್ಲೇ ಹರಿಯುತ್ತದೆ, ತಲೆ ತೂರಿಹೋಗುತ್ತದೆ. ಅದಕ್ಕಾಗಿ ತಯಾರಕರು ಪಿವಿಬಿಗೆ ಲವಣಗಳನ್ನು ಬೆರೆಸಿ ಹಿಡಿತವನ್ನು ಬೇಕೆಂದೇ ತಗ್ಗಿಸುತ್ತಾರೆ. ತಣ್ಣಗಾದ ಗಾಜನ್ನು ಸುತ್ತಿಗೆಯಿಂದ ಕುಟ್ಟಿ, ಹಾಳೆಯ ಮೇಲೆ ಉಳಿದ ಪುಡಿಯನ್ನು ನೋಡಿ 0ಯಿಂದ 10ರ ತನಕ ಅಂಕ ಕೊಡುವ ಪಮ್ಮೆಲ್ ಪರೀಕ್ಷೆ ಇರುವುದೇ ಈ ಹದ ನೋಡಲು. ಸೊನ್ನೆಯೂ ಬೇಡ, ಹತ್ತೂ ಬೇಡ, ನಡುವಿನದು ಬೇಕು. ಬಾಂಡೆಡ್ ಕೊಟ್ಟ ಮಾದರಿಯ ಗಾಜು ಹತ್ತಕ್ಕಿಂತಲೂ ಆಚೆಗಿನದು, ಯಾವ ಕಾರಖಾನೆಯೂ ಮಾರಲು ಒಪ್ಪದ ಗಾಜು.

ಇಷ್ಟು ಹೇಳಿದರೂ ರೂಢಿಯ ಪರವಾಗಿ ನಿಲ್ಲುವವರ ಬಳಿ ಒಂದು ಬಲವಾದ ವಾದವಿದೆ: ಬಾಂಡೆಡ್ ಕೊಟ್ಟೇ ಲೆಕ್ಕ ಮಾಡಿದೆವು, ಪ್ರಯೋಗದ ಬಲ–ಕಾಲದ ರೇಖೆಗೆ ನಮ್ಮ ರೇಖೆ ಹೊಂದಿಕೊಂಡಿತು, ಇನ್ನೇನು ಬೇಕು? ಹೊಂದುತ್ತದೆ, ಸುಳ್ಳಲ್ಲ. ಹೇಗೆ ಹೊಂದುತ್ತದೆ ಎಂಬುದರಲ್ಲಿ ತೊಂದರೆಯಿದೆ. ಪದರ ಬಿಟ್ಟಾಗ ಖರ್ಚಾಗಬೇಕಿದ್ದ ಶಕ್ತಿ ಬಾಂಡೆಡ್ ಮಾದರಿಯಲ್ಲಿ ಎಲ್ಲಾದರೂ ಹೋಗಲೇಬೇಕು. ಒಂದೋ ಅದು ಬಿದ್ದ ತೂಕವನ್ನು ಜೋರಾಗಿ ಹಿಂದಕ್ಕೆ ಪುಟಿಸುತ್ತದೆ, ಇಲ್ಲವೇ ಪದರದೊಳಗಿನ ನಾರನ್ನು ಮುರಿಯುತ್ತದೆ. ರೇಖೆ ಮೇಲೇರಿದಾಗ ಪದರದ ಮುರಿತದ ಅಂಕಿಯನ್ನು ಸ್ವಲ್ಪ ತಗ್ಗಿಸಿ, ರೇಖೆಯನ್ನು ಕೆಳಗಿಳಿಸಿಕೊಂಡರೆ ಹೊಂದಾಣಿಕೆ ಸಿಕ್ಕಿತು. ಪ್ರಯೋಗದ ಫಲಕದಲ್ಲಿ ಮೈಮೇಲೆ ಒಂದು ಸಣ್ಣ ತಗ್ಗು, ಒಳಗೆ ಅಂಗೈಯಗಲ ಬಿಟ್ಟ ಪದರ. ಮಾದರಿಯಲ್ಲಿ ಹೊಡೆತದ ಕೆಳಗೆ ಒಂದು ತೂತು, ಸುತ್ತ ಎಲ್ಲವೂ ಗಟ್ಟಿ. ಎರಡರ ಬಲದ ರೇಖೆಯೂ ಒಂದೇ. ಈ ವ್ಯತ್ಯಾಸ ಬರಿಯ ಚರ್ಚೆಯದ್ದಲ್ಲ. ಕಣ್ಣಿಗೆ ಕಾಣಿಸದ ಹೊಡೆತದಿಂದ ಒಳಪದರ ಬಿಟ್ಟ ಕಾರ್ಬನ್ ಫಲಕ ಒತ್ತಡ ತಾಳುವ ಶಕ್ತಿ ಅರ್ಧದಷ್ಟಕ್ಕೆ ಇಳಿಯಬಲ್ಲದು ಎಂದು ವಿಮಾನ ಉದ್ಯಮ ದಶಕಗಳ ಹಿಂದೆಯೇ ಕಂಡುಕೊಂಡದ್ದರಿಂದಲೇ, ಹೊಡೆದ ಮೇಲೆ ಒತ್ತಿ ನೋಡುವ ಡಿ7137 ಎಂಬ ಪ್ರತ್ಯೇಕ ಪರೀಕ್ಷೆ ಬಂದದ್ದು. ಹಾಗಾಗಿ ಹೊಂದಿಸಬೇಕಾದದ್ದು ಒಂದು ರೇಖೆಯನ್ನಲ್ಲ. ಪುಟಿದ ವೇಗವನ್ನು ಹೊಂದಿಸಿ, ಬಿಟ್ಟ ಪದರದ ವಿಸ್ತೀರ್ಣವನ್ನು ಹೊಂದಿಸಿ. ಅಲ್ಟ್ರಾಸೌಂಡ್ ಯಂತ್ರವಿಲ್ಲ ಎನ್ನುವ ನೆಪವೂ ಬೇಡ. ಗಾಜುನಾರಿನ ಫಲಕವನ್ನು ದೀಪದ ಎದುರು ಹಿಡಿದರೆ ಪದರ ಬಿಟ್ಟ ಜಾಗ ಮಸುಕಾಗಿ ತಾನೇ ತೋರುತ್ತದೆ. ಅಡಿಕೆ ನಾರಿನದ್ದಾದರೆ ಹಲಸಿನ ಹಣ್ಣನ್ನು ಬೆರಳಿನಿಂದ ಬಡಿದು ನೋಡುವ ಹಾಗೆ ನಾಣ್ಯದಿಂದ ಬಡಿದು ನೋಡಬಹುದು, ಟೊಳ್ಳು ಸದ್ದು ಬಂದಲ್ಲಿ ಗೆರೆ ಎಳೆಯಬಹುದು. ವಿಮಾನ ದುರಸ್ತಿಯವರೂ ನಾಣ್ಯ ಬಡಿಯುವವರೇ.

ಪದರ ಬಿಡಲು ಬಿಡುವುದಿಲ್ಲ, ಆದರೆ ಪದರಗಳ ನಡುವಿನ ಗರಿಷ್ಠ ಸ್ಟ್ರೆಸ್ ತೆಗೆದು ಅಂಟಿನ ಶಕ್ತಿಗೆ ಹೋಲಿಸುತ್ತೇವೆ ಎಂಬ ನಡುದಾರಿಯೂ ಚಾಲ್ತಿಯಲ್ಲಿದೆ. ಇದು ಇನ್ನೂ ಮೋಸದ ದಾರಿ. ಎರಡು ಬೇರೆ ಬೇರೆ ಪದರಗಳು ಪೂರ್ತಿ ಅಂಟಿಕೊಂಡು ಅಂಚಿಗೆ ಬರುವಲ್ಲಿ ಸ್ಥಿತಿಸ್ಥಾಪಕ ಲೆಕ್ಕದ ಸ್ಟ್ರೆಸ್‌ಗೆ ಮಿತಿಯೇ ಇಲ್ಲ. ಮೆಶ್, ಅಂದರೆ ತುಂಡುಗಳ ಜಾಲ, ಸಣ್ಣದು ಮಾಡಿದಷ್ಟೂ ಅಂಕಿ ಏರುತ್ತದೆ. ಒಂದು ಮಿ.ಮೀ. ಮೆಶ್‌ನಲ್ಲಿ ‘ಸುರಕ್ಷಿತ’ ಎಂದು ಬಂದದ್ದು ಕಾಲು ಮಿ.ಮೀ.ನಲ್ಲಿ ‘ಅಪಾಯ’ ಎಂದಾಗಬಹುದು, ಫಲಕ ಅದೇ ಇದ್ದರೂ. ಬಿರುಕನ್ನು ಸ್ಟ್ರೆಸ್‌ನಿಂದ ಅಳೆಯಬಾರದು, ಹೊಸ ಮೈ ತೆರೆಯಲು ಖರ್ಚಾಗುವ ಶಕ್ತಿಯಿಂದ ಅಳೆಯಬೇಕು ಎಂದು ಗ್ರಿಫಿತ್ 1921ರಲ್ಲೇ ತೋರಿಸಿದ್ದ. 1960ರ ಹೊತ್ತಿಗೆ ಡಗ್‌ಡೇಲ್, ಬೇರನ್‌ಬ್ಲಾಟ್ ಅದಕ್ಕೆ ಕೊಹೆಸಿವ್ ವಲಯದ ರೂಪ ಕೊಟ್ಟರು. ಎರಡು ಮೈಗಳ ನಡುವಿನ ಎಳೆತ ಒಂದು ಮಟ್ಟದವರೆಗೆ ಏರಿ, ಆಮೇಲೆ ಮೈಗಳು ದೂರವಾದಂತೆ ಇಳಿದು ಸೊನ್ನೆಯಾಗುತ್ತದೆ, ಆ ರೇಖೆಯ ಕೆಳಗಿನ ವಿಸ್ತೀರ್ಣವೇ ಬಿರುಕಿನ ಶಕ್ತಿ. ಇಂದಿನ ಎಲ್ಲ ಮುಖ್ಯ ತಂತ್ರಾಂಶಗಳಲ್ಲೂ ಕೊಹೆಸಿವ್ ಎಲಿಮೆಂಟ್ ಎಂದೋ ಟೈಬ್ರೇಕ್ ಕಾಂಟ್ಯಾಕ್ಟ್ ಎಂದೋ ಇರುವುದು ಇದೇ. ಅಂಟಿಗೆ ಬಿಡುವ ಹಕ್ಕನ್ನು ಕೊಡುವ ಕಾಂಟ್ಯಾಕ್ಟ್ ಎನ್ನಿ.

ಅದಕ್ಕೆ ಬೇಕಾದ ಅಂಕಿಗಳು ನಮ್ಮಲ್ಲಿ ಇಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು, ಆದರೆ ಅದಕ್ಕೆ ಪರಿಹಾರ ಅಳೆಯುವುದು. ಬಾಯಿ ತೆರೆಯುವ ಬಿರುಕಿನ ಶಕ್ತಿ ಅಳೆಯುವ ಎಎಸ್‌ಟಿಎಂ ಡಿ5528ರ ಪರೀಕ್ಷೆಗೆ 125 ಮಿ.ಮೀ. ಉದ್ದ, 25 ಮಿ.ಮೀ. ಅಗಲದ ಪಟ್ಟಿ ಸಾಕು. ಫಲಕ ಒತ್ತುವಾಗಲೇ ಒಂದು ತುದಿಯಲ್ಲಿ ನಡುಪದರಕ್ಕೆ 13 ಮೈಕ್ರಾನ್‌ಗಿಂತ ದಪ್ಪವಲ್ಲದ, ಅಂಟದ ಹಾಳೆ ಇಟ್ಟು ಬಾಯಿ ಮಾಡಿಕೊಂಡರೆ, ಎರಡು ತುಟಿಗೂ ಹಿಂಜ್ ಅಂಟಿಸಿ ಎಳೆಯುವ ಯಂತ್ರದಲ್ಲಿ ಮೆಲ್ಲಗೆ ಬಿಡಿಸುತ್ತ ಹೋಗಬಹುದು. ಅಂಚಿಗೆ ಬಿಳಿ ಬಳಿದು ಮಿ.ಮೀ. ಗೆರೆ ಹಾಕಿದ್ದರೆ ಬಿರುಕು ಎಲ್ಲಿಗೆ ಬಂತೆಂದು ಕಣ್ಣಿಗೇ ಕಾಣುತ್ತದೆ. ಜಾರುವ ಬಿರುಕಿಗೆ ಡಿ7905 ಇದೆ, ಅದು ಮೂರು ಬಿಂದುಗಳ ಬಾಗಿಸುವಿಕೆ. ಕರ್ಷಣ ಪರೀಕ್ಷೆಯ ಯಂತ್ರವಿರುವ ಪ್ರಯೋಗಾಲಯದಲ್ಲಿ ಎರಡೂ ಸಾಧ್ಯ. ಅಡಿಕೆ ನಾರಿನ ಪಟ್ಟಿಯ ತೋಳು ಬಿರುಕು ಹರಡುವ ಮೊದಲೇ ಮುರಿಯಬಹುದು, ಆಗ ಬೆನ್ನಿಗೆ ಬಲವಾದ ಪಟ್ಟಿ ಅಂಟಿಸಿಕೊಳ್ಳಬೇಕು. ಅದೊಂದು ತಿಣುಕಾಟವೇ, ಆದರೆ ಪ್ರಾಜೆಕ್ಟ್ ಎನ್ನಲು ಅರ್ಹವಾದ ತಿಣುಕಾಟ. ಇಲ್ಲಿ ಎದುರು ಪಕ್ಷಕ್ಕೆ ನಾನೇ ಒಂದು ಅಸ್ತ್ರ ಕೊಡುತ್ತೇನೆ. ಅಳೆಯದೆ, ಬೇರೆಯವರ ಅಂಕಿಯನ್ನು ನಕಲು ಹೊಡೆದು ಕೊಹೆಸಿವ್ ಮಾದರಿ ಮಾಡುವುದು ಬಾಂಡೆಡ್‌ಗಿಂತ ಕೆಟ್ಟದ್ದು. ಎಎಸ್4 ನಾರು ಮತ್ತು ಪೀಕ್ ಪ್ಲಾಸ್ಟಿಕ್ಕಿನ ಫಲಕಕ್ಕೆ ಕಮಾನ್ಯೋ ಮತ್ತು ಡಾವಿಲಾ 2002ರಲ್ಲಿ ಬಳಸಿದ 0.969 ಮತ್ತು 1.719 ಕಿಲೋಜೌಲ್‌ಗಳೆಂಬ ಜೋಡಿ ಅಂಕಿಗಳು ವಿಮಾನದ ವಸ್ತುವಿನವು. ಅವನ್ನು ತೆಂಗಿನ ನಾರಿನ ಫಲಕಕ್ಕೆ ಹಾಕಿದರೆ ಮಾದರಿ ಓಡುತ್ತದೆ, ಪದರವೂ ಬಿಡುತ್ತದೆ, ಮೂರು ದಶಮಾಂಶದ ಆ ನಿಖರತೆಯಿಂದ ನೋಡುವವನಿಗೆ ನಂಬಿಕೆಯೂ ಬರುತ್ತದೆ. ಬಾಂಡೆಡ್ ಮಾದರಿ ಕನಿಷ್ಠ ತನ್ನ ಅಜ್ಞಾನವನ್ನು ಮುಚ್ಚಿಡುವುದಿಲ್ಲ.

ಕಂಪ್ಯೂಟರ್ ಸಾಲದು ಎಂಬ ಆಕ್ಷೇಪಕ್ಕೆ ಅಷ್ಟು ಹುರುಳಿಲ್ಲ. ಕೊಹೆಸಿವ್ ವಲಯದ ಉದ್ದಕ್ಕೆ ಕನಿಷ್ಠ ಮೂರು ಎಲಿಮೆಂಟ್ ಬೇಕು ಎಂಬುದು ತುರೋನ್ ಮತ್ತು ಸಂಗಡಿಗರು 2007ರಲ್ಲಿ ಕೊಟ್ಟ ಮಾರ್ಗಸೂಚಿ. ದಪ್ಪದ ದಿಕ್ಕಿನ ಸ್ಥಿತಿಸ್ಥಾಪಕತೆ 8 ಗಿಗಾಪಾಸ್ಕಲ್, ಬಿರುಕಿನ ಶಕ್ತಿ ಅರ್ಧ ಕಿಲೋಜೌಲ್, ಅಂಟಿನ ಶಕ್ತಿ 40 ಮೆಗಾಪಾಸ್ಕಲ್ ಆದರೆ ಆ ವಲಯ ಸುಮಾರು 2.5 ಮಿ.ಮೀ., ಎಲಿಮೆಂಟ್ ಸುಮಾರು 0.8 ಮಿ.ಮೀ. ಒಂದೇ ದಿಕ್ಕಿನ ಪದರಗಳನ್ನು ಒಟ್ಟು ಮಾಡಿ ನಾಲ್ಕು ಗುಂಪು, ನಡುವೆ ಮೂರು ಕೊಹೆಸಿವ್ ಪದರ ಇಟ್ಟು, ಸಮಮಿತಿ ಇದ್ದಲ್ಲಿ ಕಾಲು ಫಲಕ ಮಾತ್ರ ತೆಗೆದುಕೊಂಡರೆ ಒಟ್ಟು 41,000ದಷ್ಟು ಎಲಿಮೆಂಟ್. ಅನ್ಸಿಸ್‌ನ ಉಚಿತ ವಿದ್ಯಾರ್ಥಿ ಆವೃತ್ತಿಯ 1,28,000ದ ಮಿತಿಯೊಳಗೆ ಇದು ಆರಾಮವಾಗಿ ಕೂರುತ್ತದೆ. ಮಿತಿಯೇ ಬೇಡ ಎನ್ನುವವರಿಗೆ 2022ರ ಸೆಪ್ಟೆಂಬರಿನಿಂದ ಓಪನ್‌ರೇಡಿಯಾಸ್ ಮುಕ್ತವಾಗಿ ಸಿಗುತ್ತಿದೆ. ಅದು ಹೊಡೆತದ ಲೆಕ್ಕಕ್ಕೆಂದೇ ಇರುವ ತಂತ್ರಾಂಶ.

ಟೈಡ್ ಕಾಂಟ್ಯಾಕ್ಟನ್ನು ಎಲ್ಲೆಡೆಯಿಂದ ಕಿತ್ತೊಗೆಯಬೇಕೆಂದು ನಾನು ಹೇಳುತ್ತಿಲ್ಲ. ಸಣ್ಣ ಮೆಶ್‌ನಿಂದ ದೊಡ್ಡ ಮೆಶ್‌ಗೆ ದಾಟುವಲ್ಲಿ, ಹೊಡೆತದಿಂದ ದೂರದ ಬೆಸುಗೆಯಲ್ಲಿ, ಮೇಲೆ ಹೇಳಿದ ಡೇವಿಸ್ ಸೂತ್ರದ ಮಿತಿಗಿಂತ ಬಲ ಬಹಳ ಕೆಳಗಿರುವ ಕಡೆ ಅದು ಸರಿಯಾದ ಸಾಧನ. ಬಾಂಡೆಡ್ ಕೊಟ್ಟರೆ ಬಲ ಹೆಚ್ಚೇ ಬರುತ್ತದೆ, ಹಾಗಾಗಿ ಸುರಕ್ಷಿತ ಬದಿಯಲ್ಲಿದ್ದೇವೆ ಎನ್ನುವವರಿಗೆ ಮಾತ್ರ ಒಂದು ಮಾತು ಹೇಳಬೇಕು: ಫಲಕದ ಹಿಂದಿರುವ ತಲೆಗೆ ತಾಗುವ ಬಲ ಹುಡುಕುತ್ತಿದ್ದರೆ ಅದು ಸುರಕ್ಷಿತ ಬದಿ ಇರಬಹುದು, ಪೆಟ್ಟು ತಿಂದ ಫಲಕದಲ್ಲಿ ಉಳಿದ ಶಕ್ತಿ ಹುಡುಕುತ್ತಿದ್ದರೆ ಅದು ನೇರ ಅಪಾಯದ ಬದಿ. ಯಾವುದನ್ನು ಹುಡುಕುತ್ತಿದ್ದೇವೆ ಎಂದು ವರದಿಯಲ್ಲಿ ಬರೆಯದೆ ‘ಸುರಕ್ಷಿತ’ ಎನ್ನುವಂತಿಲ್ಲ. ವರದಿಯನ್ನು ಪರೀಕ್ಷಿಸಲು ಬರುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ. ಬಣ್ಣದ ಚಿತ್ರ ನೋಡುವ ಮೊದಲು ವಿದ್ಯಾರ್ಥಿಯ ಕಂಪ್ಯೂಟರಿನಲ್ಲಿ ಕಾಂಟ್ಯಾಕ್ಟ್‌ನ ಪಟ್ಟಿ ತೆರೆಸಿ. ಅನ್ಸಿಸ್‌ನ ಎಕ್ಸ್‌ಪ್ಲಿಸಿಟ್ ಡೈನಮಿಕ್ಸ್‌ನಲ್ಲಿ ಬಾಂಡೆಡ್ ಎಂಬುದರ ಕೆಳಗೆ ‘ಬ್ರೇಕಬಲ್’ ಎಂಬ ಸಾಲೊಂದಿದೆ. ಯಾರೂ ಮುಟ್ಟದಿದ್ದರೆ ಅದರ ಎದುರು ‘ನೋ’ ಎಂದೇ ಇರುತ್ತದೆ.